ಮಾತಾಡದ ಗಾಲಿ

ಎರಡು ಸಲ ಸೋಪು ಹಚ್ಚಿ ತೊಳೆದರೂ ಎಣ್ಣೆಯ ಕಪ್ಪು ಉಗುರಿನ ಸಂದಿಯಲ್ಲಿ ಹಾಗೇ ಉಳಿದಿತ್ತು. ಅದು ದಿನವೂ ಉಳಿಯುವಂಥದ್ದು, ಅದರ ಬಗ್ಗೆ ಅವಳಿಗೆ ಬೇಜಾರಿರಲಿಲ್ಲ. ಹೋಗಬೇಕಾಗಿದ್ದದ್ದು ಕಿವಿಯಲ್ಲಿ ಕೂತಿದ್ದ ಸದ್ದು. ಬೆಳಿಗ್ಗೆ ರೈಲ್ವೆ ಶೆಡ್ಡಿನಲ್ಲಿ ದೊಡ್ಡಮ್ಮನ ಎಡಗಡೆಯ ಮುಂದಿನ ಗಾಲಿಗೆ ಸುತ್ತಿಗೆ ತಾಗಿಸಿದಾಗ ಬಂದದ್ದು. ದೊಡ್ಡಮ್ಮ ಅಂದರೆ ಇಂಜಿನ್ನು. ಶೆಡ್ಡಿನವರು ಇಂಜಿನ್ನುಗಳನ್ನು ನಂಬರಿನಿಂದ ಕರೆಯುವ ಜನವಲ್ಲ. ಅವಳ ಕೆಲಸ ಗಾಲಿ ತಟ್ಟುವುದು, ಉದ್ದ ಹಿಡಿಯ ಸುತ್ತಿಗೆ ಹಿಡಿದು ಒಂದೊಂದೇ ಗಾಲಿಗೆ ಮೆಲ್ಲಗೆ ತಟ್ಟಿ ಕಿವಿಗೊಡುವುದು. ಚೆನ್ನಾಗಿರುವ ಗಾಲಿ ಮಾತಾಡುತ್ತದೆ ಅನ್ನುತ್ತಾರೆ ಶೆಡ್ಡಿನಲ್ಲಿ: ಠಣ್ ಎಂದು ಶುರುವಾದದ್ದು, ನೀವು ಮುಂದಿನ ಗಾಲಿಗೆ ಹೋದ ಮೇಲೂ ಬೆನ್ನ ಹಿಂದೆ ಗುಂಯ್‌ಗುಡುತ್ತಲೇ ಇರುತ್ತದೆ. ಒಳಗೆ ಬಿರುಕಿದ್ದದ್ದು ಮಾತಾಡುವುದಿಲ್ಲ. ಹಲಗೆಗೆ ಬಡಿದ ಹಾಗೆ ಠಪ್ಪೆಂದು ಅಲ್ಲೇ ಸಾಯುತ್ತದೆ. ಮಾತಾಡಿದ ಗಾಲಿಗೆ ಸೀಮೆಸುಣ್ಣದಲ್ಲಿ ಸರಿ ಗುರುತು, ಮಾತಾಡದ್ದಕ್ಕೆ ಕತ್ತರಿ ಗುರುತು. ಇವತ್ತು ಬೆಳಿಗ್ಗೆ ಆ ಗಾಲಿ ಠಪ್ಪೆಂದಿತು, ಅವಳ ಕೈ ಸರಿ ಗುರುತು ಹಾಕಿತು. ಕೈಯೇ ಹಾಕಿದ್ದು, ತಾನಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಹಾಗಂದುಕೊಂಡರೆ ಕೈ ಬೇರೆಯವರದಾಗುತ್ತದೆಯೇ.

ಹಿತ್ತಲ ನಲ್ಲಿಯ ಹತ್ತಿರ ಪುಟ್ಟಿ ಹಗ್ಗದಾಟ ಆಡುತ್ತಿದ್ದಳು. ಕೆಮ್ಮು ಪೂರ್ತಿ ಹೋಗಿಲ್ಲ, ಹೊರಗೆ ಆಡಬೇಡ ಅಂದರೆ ಕೇಳುವ ಮಗಳೇ ಅವಳು. ಮನೆಯ ಒಳಗಿನ ಚಳಿಗೂ ಹೊರಗಿನದಕ್ಕೂ ಏನೂ ವ್ಯತ್ಯಾಸವಿಲ್ಲದ್ದರಿಂದ ಗದರಿಸುವುದಕ್ಕೂ ಬಾಯಿ ಬರಲಿಲ್ಲ. ಒಲೆಯ ಪಕ್ಕದ ಡಬ್ಬದಲ್ಲಿ ಕಲ್ಲಿದ್ದಲು ತಳ ಕಂಡಿತ್ತು. ಗೊಣಗಿ ಗಣಿಗೆ ಹೋಗಿ ಬಂದರೆ ಡಬ್ಬ ತುಂಬುತ್ತದೆ. ಗೊಣಗಿಯೂ ಇಂಜಿನ್ನೇ. ಏರು ಹತ್ತುವಾಗ ಒಂದೇ ಸಮನೆ ಗೊಣಗುವುದರಿಂದ ಆ ಹೆಸರು. ಗಣಿಯಿಂದ ಈ ಊರಿಗೆ ಕಲ್ಲಿದ್ದಲಿನ ಗಾಡಿ ಎಳೆದು ತರುವುದಕ್ಕೆ ಉಳಿದಿರುವುದು ಅದೊಂದೇ, ಉಳಿದವೆಲ್ಲ ಗಡಿ ದಾಟಿ ಹೋದವು. ಬೆಳಿಗ್ಗೆ ಸರಿ ಗುರುತು ಹಾಕಿ ತಲೆಯೆತ್ತಿದಾಗ ಫೋರ್‌ಮನ್ ಅಣ್ಣ ಎರಡು ಹೆಜ್ಜೆ ಹಿಂದೆ ನಿಂತಿದ್ದ. "ಆಯ್ತೇನಮ್ಮ? ಎಲ್ಲಾ ಸರಿ ಇದೆ ತಾನೆ?" ಎಂದು ಕೇಳಿದ, ಅವಳ ಮುಖ ನೋಡದೆ. "ಹೂಂ ಅಣ್ಣ" ಎಂದಳು, ಅವನ ಮುಖ ನೋಡದೆ. ಆಚೆಗೆ ಫೋರ್‌ಮನ್ನನ ಕುರ್ಚಿಯಲ್ಲಿ ಯುದ್ಧ ಗೆದ್ದವರ ಕಡೆಯ ತಪಾಸಣೆಗಾರ ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತಾ ಕೂತಿದ್ದ. ಅವನು ಬಂದಾಗಿನಿಂದ ಫೋರ್‌ಮನ್ ಅಣ್ಣನಿಗೆ ಕುರ್ಚಿ ಇಲ್ಲ. ಅವನೇನೂ ಕುರ್ಚಿ ಕಿತ್ತುಕೊಂಡಿರಲಿಲ್ಲ. ಬಂದ ದಿನ ಕೂತ, ಏಳಲಿಲ್ಲ, ಅಷ್ಟೇ.

ಒಳಗೆ ಅತ್ತೆ ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದರು. ಸಿಪ್ಪೆಯನ್ನೂ ಬಿಸಾಡುತ್ತಿರಲಿಲ್ಲ, ರಾತ್ರಿಗೆ ಬೇರೆ ಬಟ್ಟಲಿಗೆ ಹಾಕುತ್ತಿದ್ದರು. ಸೊಸೆ ಕೂತ ತಕ್ಷಣ ತಟ್ಟೆ ಮುಂದೆ ತಳ್ಳಿ, "ಬಿಸಿ ಇರುವಾಗಲೇ ತಿನ್ನು. ಕೈಯಲ್ಲಿ ಹಿಡ್ಕೊಂಡು ಕೂತ್ಕೋ ಸ್ವಲ್ಪ ಹೊತ್ತು, ಬೆರಳಾದ್ರೂ ಬೆಚ್ಚಗಾಗ್ಲಿ" ಎಂದರು. ಈ ಕುರ್ಚಿಯಲ್ಲಿ ಕೂತು ಅವಳ ಗಂಡ ತಿನ್ನುತ್ತಿದ್ದ. ತಿನ್ನುವ ಮೊದಲು ತಟ್ಟೆಯ ಅಂಚಿಗೆ ಚಮಚದಿಂದ ಒಮ್ಮೆ ತಟ್ಟಿ ಕಿವಿಗೊಡುವುದು ಅವನ ಚಟ. ಲೋಟ, ಮಡಕೆ, ಕಿಟಕಿಯ ಗಾಜು, ಮದುವೆಯಾದ ಹೊಸತರಲ್ಲಿ ಅವಳ ಬಳೆ ಕೂಡ. ಅವನಪ್ಪನೂ ಗಾಲಿ ತಟ್ಟುವವನೇ, ಆ ಚಟ ಅಲ್ಲಿಂದಲೇ ಬಂದದ್ದು ಎಂದು ಅತ್ತೆ ನಗುತ್ತಿದ್ದರು. ಒಂದು ದಿನ ಅರ್ಧ ಊಟದಲ್ಲಿ ಕೈ ನಿಲ್ಲಿಸಿ, ಎಲ್ಲೋ ನೋಡುತ್ತಾ ಕೂತವನು ಎದ್ದೇಬಿಟ್ಟ. ಯಾವುದೋ ಒಂದು ಗಾಲಿಯ ಸದ್ದು ಅನುಮಾನವಾಗುತ್ತಿದೆಯಂತೆ. "ಊಟ ಮುಗಿಸಿ ಹೋದ್ರೆ ಗಾಲಿ ಓಡಿಹೋಗತ್ತಾ?" ಎಂದು ಅತ್ತೆ ಬೈಯುತ್ತಲೇ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಿದ್ದರು. ಅವನು ಬಂದು, ಗಾಲಿ ಸರಿಯಾಗೇ ಇತ್ತು ಎಂದು ಬೆಪ್ಪನ ಹಾಗೆ ನಗುತ್ತಾ ತಣ್ಣಗಾದದ್ದನ್ನು ತಿಂದ. ಆ ಮನುಷ್ಯ ಯುದ್ಧದ ಕಡೇ ತಿಂಗಳಲ್ಲಿ ಒಂದು ಸೇತುವೆಯ ಹತ್ತಿರ ಹಳಿ ರಿಪೇರಿ ಮಾಡುತ್ತಾ ಸತ್ತ. ಅವನ ಕೆಲಸ ಅವಳಿಗೆ ಬಂತು, ಸುತ್ತಿಗೆಯೂ ಬಂತು. ಹಿಡಿ ಅವನ ಅಂಗೈಗೆ ತಕ್ಕ ಹಾಗೆ ಸವೆದದ್ದು. ಅವಳ ಕೈಗೆ ಇವತ್ತಿಗೂ ಸರಿಯಾಗಿ ಕೂರುವುದಿಲ್ಲ, ಆದರೂ ಬದಲಾಯಿಸಲು ಬಿಟ್ಟಿಲ್ಲ.

ಸೋತದ್ದನ್ನು ಹೇಗೋ ನುಂಗಿಕೊಂಡಿದ್ದರು. ಸೋತ ಸುದ್ದಿ ಬಂದ ದಿನ ಓಣಿಯವರೆಲ್ಲ ಬಾಗಿಲಲ್ಲಿ ಬಂದು ನಿಂತದ್ದು ಅವಳಿಗೆ ನೆನಪಿದೆ. ಯಾರೂ ಅಳಲಿಲ್ಲ, ಇನ್ನು ಯಾರ ಮನೆಗೂ ಸಾವಿನ ತಂತಿ ಬರುವುದಿಲ್ಲವಲ್ಲ ಎಂದು ಅತ್ತೆಯೇ ಅಂದಿದ್ದರು, ಮಗ ಹೋಗಿ ಇನ್ನೂ ತಿಂಗಳಾಗದ ಅತ್ತೆ. ಆಮೇಲೆ ಒಪ್ಪಂದ ಬಂತು. ಸರ್ಕಾರದವರು ಅದಕ್ಕೆ ಶಾಂತಿ ಎಂದು ಹೆಸರಿಟ್ಟರು, ಅತ್ತೆ 'ಆ ಹಾಳು ಕಾಗದ' ಎಂದು ಹೆಸರಿಟ್ಟರು. ಇಂಜಿನ್ನು ಕೊಡಿ, ಗಾಡಿ ಕೊಡಿ, ಹಡಗು ಕೊಡಿ. ಸವೆದದ್ದು ಬೇಡ, ಒಳ್ಳೆಯದೇ ಕೊಡಿ. ಕೊಟ್ಟದ್ದರಲ್ಲಿ ಒಂದಕ್ಕೆ ದೋಷ ಕಂಡರೆ ಬದಲಿಗೆ ಎರಡು ಕೊಡಿ. ಶೆಡ್ಡಿನವರು ಹಗಲಿಡೀ ದುಡಿದು ಇಂಜಿನ್ನುಗಳನ್ನು ಫಳಫಳ ಅನ್ನಿಸಿ, ಮೂತಿಯ ಮೇಲಿನ ನಮ್ಮ ಲಾಂಛನವನ್ನು ತಮ್ಮ ಕೈಯಾರೆ ಕೆರೆದು ತೆಗೆದು, ಗಡಿಗೆ ಕಳಿಸಿಕೊಡುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು, ನಿಜ. ಆದರೆ ಗೆದ್ದವನು ಕೇಳುತ್ತಾನೆ, ಸೋತವನು ಕೊಡುತ್ತಾನೆ, ಅದು ಅರ್ಥವಾಗದ್ದೇನಲ್ಲ. ಗಂಟಲಲ್ಲಿ ಇಳಿಯದೆ ನಿಂತದ್ದು ಕಾಗದದ ಒಂದೇ ಒಂದು ಸಾಲು. ಈ ಯುದ್ಧಕ್ಕೂ ಅದರ ಎಲ್ಲ ನಷ್ಟಕ್ಕೂ ನಾವೇ ಕಾರಣ, ನಮ್ಮದೇ ತಪ್ಪು. ಬರೆದುಕೊಂಡು ಸುಮ್ಮನಿದ್ದರೂ ಆಗುತ್ತಿತ್ತೇನೋ. ಪ್ರತಿ ಶಾಲೆಯ ಗೋಡೆಗೆ ಅಂಟಿಸಿ, ಪಾಠ ಶುರುವಾಗುವ ಮೊದಲು ಮಕ್ಕಳ ಬಾಯಲ್ಲಿ ಹೇಳಿಸಿ ಎಂದೂ ಬರೆದರು. ಪುಟ್ಟಿ ಮೊದಲ ದಿನ ಬಂದು, "ಅಮ್ಮ, ನಾವೇ ಅಂದ್ರೆ ಅಪ್ಪನೂನಾ?" ಎಂದು ಕೇಳಿದಳು. ಅವಳು ಮಗಳ ಜಡೆ ಬಿಚ್ಚಿ ಮತ್ತೆ ಹೆಣೆದಳು. ಆ ದಿನ ಉತ್ತರ ಕೊಡಬೇಕಾಗಿತ್ತು. ಆ ಸಾಲನ್ನು ಬರೆದವನಿಗೆ, ಅರ್ಧ ಊಟ ಬಿಟ್ಟು ಅನುಮಾನದ ಹಿಂದೆ ಓಡಿದವನ ಬಗ್ಗೆ ಏನು ಗೊತ್ತು?

"ಏನೇ, ಆಲೂಗಡ್ಡೆ ನೋಡ್ತಾ ಕೂತಿದೀಯ? ಅದರಲ್ಲೇನು ಸಿನಿಮಾ ಬರ್ತಿದೆಯಾ?" ಎಂದರು ಅತ್ತೆ.

"ಅತ್ತೆ, ದೊಡ್ಡಮ್ಮನ ಮುಂದಿನ ಗಾಲಿ ಮಾತಾಡ್ಲಿಲ್ಲ."

ಅತ್ತೆಯ ಚಾಕು ನಿಂತಿತು. ಗಾಲಿ ತಟ್ಟುವವನ ಹೆಂಡತಿಯಾಗಿ, ಗಾಲಿ ತಟ್ಟುವವನ ತಾಯಿಯಾಗಿ ಬಾಳಿದ ಹೆಂಗಸಿಗೆ ಇನ್ನೇನೂ ವಿವರಿಸಬೇಕಾಗಿರಲಿಲ್ಲ. "ಇವತ್ತು ಸಂಜೆ ಹೋಗೋದು ಅದೇ ಅಲ್ವಾ?"

"ಹೂಂ. ನಾನು ಸರಿ ಗುರುತು ಹಾಕಿ ಬಂದೆ."

ಅತ್ತೆ ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಅವರು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. "ಒಳ್ಳೇ ಕೆಲಸ ಮಾಡಿದೆ ಬಿಡು! ಹೋಗ್ಲಿ, ಫಳಫಳಾಂತ ಹೋಗ್ಲಿ. ನಮ್ಮ ಗಡಿವರೆಗೂ ಮೆಲ್ಲಗೆ ನಡೆಸ್ತಾರೆ, ಏನೂ ಆಗಲ್ಲ. ಅವರ ಕಡೆಯೋರು ಹತ್ತಿದ ಮೇಲೆ ಜೋರು ತೋರಿಸ್ತಾರಲ್ಲ, ಆಗ ಗೊತ್ತಾಗತ್ತೆ." ಅವಳಿಗೂ ನಗು ಬಂತು. ಬೆಳಗಿನಿಂದ ಎದೆಯ ಮೇಲಿದ್ದ ಕಲ್ಲು ಇಳಿಸಿದ ಹಾಗಾಗಿ ಹಸಿವು ಕೂಡ ಆಯಿತು. ಆಲೂಗಡ್ಡೆ ಮುರಿದು ಬಾಯಿಗಿಟ್ಟುಕೊಂಡಳು. ಅತ್ತೆ ಉಪ್ಪಿನ ಬಟ್ಟಲು ಮುಂದಿಟ್ಟರು. ಇಬ್ಬರೂ ಮಕ್ಕಳು ಕದ್ದು ತಿನ್ನುವ ಹಾಗೆ ಕಣ್ಣಲ್ಲೇ ನಗುತ್ತಾ ತಿಂದರು. ತಪಾಸಣೆಗಾರ ಕುರ್ಚಿಯಲ್ಲಿ ಮೂಗು ಒರೆಸಿಕೊಳ್ಳುವುದನ್ನು ಅವಳು ಮಾಡಿ ತೋರಿಸಿದಳು. ಅತ್ತೆಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಸುಖವಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಇಷ್ಟು ದಿನ ಅವಮಾನವನ್ನು ಕೈಗೆ ಕೊಟ್ಟರೆ ಇಸಕೊಳ್ಳುವುದೇ ಆಗಿತ್ತು, ಮೊದಲ ಸಲ ಏನೋ ಒಂದನ್ನು ತಿರುಗಿ ಕೊಟ್ಟ ಹಾಗಿತ್ತು. ಹಾಗೆ ತಿನ್ನುತ್ತಿರುವಾಗ, ಆ ಗಾಡಿಯಲ್ಲಿ ಯಾರು ಕೂತಿರುತ್ತಾರೋ ಎಂಬ ಯೋಚನೆ ಕರೆಯದೆ ಬಂತು. ಇಂಜಿನ್ನು ಒಂದೇ ಹೋಗುವುದಿಲ್ಲವಲ್ಲ, ಅದರ ಹಿಂದೆ ಬೋಗಿಗಳಿರುತ್ತವೆ, ಬೋಗಿಯಲ್ಲಿ ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡುವ ಮಕ್ಕಳು, ತೊಡೆಯ ಮೇಲೆ ಗಂಟು ಇಟ್ಟುಕೊಂಡ ಯಾವುದೋ ಮುದುಕಿ. ಆ ಮುದುಕಿಗೆ ಅವಳ ಮನಸ್ಸು ಅತ್ತೆಯ ಮುಖವನ್ನೇ ಇಟ್ಟಿತು. ಅವಳು ಅದನ್ನು ಉಪ್ಪು ಒರೆಸಿದ ಹಾಗೆ ಒರೆಸಿಹಾಕಲು ನೋಡಿದಳು.

ಹಿತ್ತಲಲ್ಲಿ ಪುಟ್ಟಿಯ ಹಗ್ಗ ನೆಲಕ್ಕೆ ಬಡಿಯುವ ಸದ್ದು ಜೋರಾಯಿತು. ಹಗ್ಗದಾಟಕ್ಕೆ ಲೆಕ್ಕದ ಹಾಡು ಬೇಕು. ಮಗು ಹೇಳುತ್ತಿದ್ದದ್ದು ಹಾಡಲ್ಲ. "ನಾವೇ ಕಾರಣ, ನಮ್ಮದೇ ತಪ್ಪು. ನಾವೇ ಕಾರಣ, ನಮ್ಮದೇ ತಪ್ಪು." ಕಾರಣಕ್ಕೊಂದು ನೆಗೆತ, ತಪ್ಪಿಗೊಂದು ನೆಗೆತ. ಮಧ್ಯೆ ಕೆಮ್ಮು ಬಂದರೆ ನಿಂತು, ಮತ್ತೆ ಮೊದಲಿನಿಂದ ಶುರು. ಅದರ ಅರ್ಥ ಆ ಬಾಯಲ್ಲಿ ಎಲ್ಲೂ ಇರಲಿಲ್ಲ, ಕಾಲಿಗೆ ತಕ್ಕ ತಾಳ ಮಾತ್ರ ಇತ್ತು. ಅವಳು ಎದ್ದು ಗದರಿಸಲು ಹೊರಟಳು. ಅತ್ತೆ ಅವಳ ಮಣಿಕಟ್ಟು ಹಿಡಿದು ಕೂರಿಸಿದರು. ಅವರ ಮುಖದಲ್ಲಿ ನಗು ಇನ್ನೂ ಅರ್ಧ ಉಳಿದಿತ್ತು, ಎತ್ತಿಡಲು ಮರೆತ ಪಾತ್ರೆಯ ಹಾಗೆ.

"ಅದು ಸುಳ್ಳು ಅಲ್ವೇನೇ?"

"ಯಾವುದು ಅತ್ತೆ?"

"ಮಗು ಹೇಳ್ತಿರೋದು."

"ಸುಳ್ಳೇ."

"ಸುಳ್ಳೇ. ನಾನು ದಿನಾ ಬೆಳಿಗ್ಗೆ ಎದ್ದು ಮುಖ ತೊಳೆಯೋ ಮೊದಲು ಅದನ್ನೇ ಅಂದ್ಕೋತೀನಿ. ಸುಳ್ಳು, ನನ್ನ ಮಗ ಯಾರಿಗೂ ಕೇಡು ಮಾಡಿದೋನಲ್ಲ, ನಮ್ಮನೇಲಿ ಯಾರೂ ಯಾರಿಗೂ ಕೇಡು ಮಾಡಿಲ್ಲ. ಅಷ್ಟು ಅಂದ್ಕೊಂಡ್ರೆ ಆ ದಿನ ನಡಿಯತ್ತೆ ಕಣೇ. ಕಲ್ಲಿದ್ದಲು ಹೋಯ್ತು, ಸಕ್ಕರೆ ಹೋಯ್ತು, ಮಗನೇ ಹೋದ. ನನ್ನ ಹತ್ರ ಉಳಿದಿರೋದು ಅದೊಂದೇ ಮಾತು." ಅತ್ತೆ ಚಾಕುವನ್ನು ಬಟ್ಟೆಯಲ್ಲಿ ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿದರು. "ನಾಳೆ ಆ ಗಾಲಿ ಮುರಿದ್ರೆ, ನಾನು ಬೆಳಿಗ್ಗೆ ಎದ್ದು ಏನಂತ ಅಂದ್ಕೊಳ್ಳಲಿ?"

"ಕತ್ತರಿ ಹಾಕಿದ್ರೆ ಎರಡು ಕೊಡ್ಬೇಕು ಅತ್ತೆ. ಗೊಣಗಿ ಹೋಗತ್ತೆ. ಡಬ್ಬ ನೋಡಿದ್ರಾ? ಪುಟ್ಟಿ ಕೆಮ್ಮು..."

"ಡಬ್ಬ ನೋಡದೆ ಇರೋಕೆ ನನಗೇನು ಕಣ್ಣಿಲ್ವಾ?" ಅತ್ತೆ ದನಿ ಏರಿಸಿದರು. "ನಿಜ ಹೇಳಿದೋರಿಗೂ ಬರೆ ಹಾಕೋ ಹಾಗೆ ಬರೆದಿದಾರಲ್ಲ, ಅವರ ಕೈ ಸೇದಿಹೋಗ! ಮನುಷ್ಯರು ಒಳ್ಳೆಯೋರಾಗಿ ಇರೋಕೂ ಬಿಡಲ್ವಲ್ಲೇ ಆ ಹಾಳು ಕಾಗದ!" ಆಮೇಲೆ ತಣ್ಣಗಾಗಿ, ಸೊಸೆಯ ತಟ್ಟೆಯಲ್ಲಿ ಉಳಿದಿದ್ದ ಅರ್ಧ ಆಲೂಗಡ್ಡೆಯನ್ನು ನೋಡಿ, ಇನ್ನೊಂದು ತಟ್ಟೆ ತಂದು ಅದರ ಮೇಲೆ ಮುಚ್ಚಿದರು. ಹೋಗು ಅನ್ನಲಿಲ್ಲ. ಮುಚ್ಚಿದ ತಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಕೂತರು.

ಶೆಡ್ಡಿಗೆ ಹೋಗುವ ದಾರಿ ಅಷ್ಟೇನೂ ದೂರವಲ್ಲ, ಆದರೆ ಇವತ್ತು ಎದುರಿಗೆ ಬಂದವರೆಲ್ಲ ಕೋಟಿನ ಕಾಲರು ಎತ್ತಿಕೊಂಡಿರುವುದೇ ಅವಳ ಕಣ್ಣಿಗೆ ಬಿತ್ತು. ಬ್ರೆಡ್ಡಿನ ಅಂಗಡಿಯ ಕ್ಯೂನಲ್ಲಿ ಪಕ್ಕದ ಮನೆಯ ಬಾಣಂತಿ ಮಗುವನ್ನು ಶಾಲಿನೊಳಗೆ ಅವುಚಿಕೊಂಡು ನಿಂತಿದ್ದಳು. "ಗೊಣಗಿ ಯಾವಾಗ ಬರತ್ತಕ್ಕ?" ಎಂದು ಕೇಳಿದಳು, ಗೊಣಗಿ ಅವಳ ಮನೆಯ ನೆಂಟಳೋ ಎನ್ನುವ ಹಾಗೆ. ಕೇಳಿಸದವಳಂತೆ ದಾಟಿಬಂದಳು. ನಿನ್ನ ಮಗುವಿಗೂ ಸೇರಿಸಿಯೇ ನಾನು ತೀರ್ಮಾನ ಮಾಡಲು ಹೊರಟಿದ್ದೇನೆ, ನಿನ್ನನ್ನು ಕೇಳದೆ. ನಮ್ಮ ಮನೆಯ ಮುದುಕಿ ಬೆಳಿಗ್ಗೆ ಎದ್ದು ಒಂದು ಮಾತು ಅಂದುಕೊಳ್ಳುವುದಕ್ಕಾಗಿ ನಿನ್ನ ಕೂಸು ಚಳಿಯಲ್ಲಿರಬೇಕು. ಇದು ಸರಿಯೇ? ಸರಿಯೆಂದು ಅವಳಿಗೆ ಗಟ್ಟಿಯಾಗಿ ಅನ್ನಿಸಲಿಲ್ಲ. ಆದರೆ ಆ ಠಪ್ಪೆಂಬ ಸದ್ದು ಹೆಜ್ಜೆಹೆಜ್ಜೆಗೂ ಕೂಡಿಕೊಂಡು ಬರುತ್ತಿತ್ತು, ಕಾಲು ಅದರ ಮಾತನ್ನೇ ಕೇಳಿತು.

ದೊಡ್ಡಮ್ಮ ಆಗಲೇ ಉಗಿ ಕಟ್ಟಿಕೊಂಡು ನಿಂತಿತ್ತು. ಅವಳು ಯಾರಿಗೂ ಏನೂ ಹೇಳದೆ ಎಡಗಡೆಗೆ ಹೋಗಿ, ಸರಿ ಗುರುತನ್ನು ತೋಳಿನಿಂದ ಒರೆಸಿ, ಕತ್ತರಿ ಗುರುತು ಹಾಕಿದಳು. ಒಂದು ಗೆರೆ ಸೊಟ್ಟಗಾಯಿತು. ತಿದ್ದಲಿಲ್ಲ. ಬೂದಿ ಬಾಚುತ್ತಿದ್ದವರು ನಿಂತು ನೋಡಿದರು. ಯಾರೋ ಫೋರ್‌ಮನ್ ಅಣ್ಣನನ್ನು ಕರೆದರು, ಅವನ ಹಿಂದೆಯೇ ತಪಾಸಣೆಗಾರನೂ ಬಂದ. ಅವನು ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವನು, ತೂಕ ಮಾಡಿ ಆಡುತ್ತಿದ್ದ. ಗಾಲಿ ತಟ್ಟಲು ಹೇಳಿದ. ತಟ್ಟಿದಳು. ಪಕ್ಕದ ಗಾಲಿ ತಟ್ಟಲು ಹೇಳಿದ. ಅದು ಠಣ್ಣೆಂದು ಹಾಡಿ ಶೆಡ್ಡಿನ ತಗಡಿನವರೆಗೂ ಹೋಯಿತು. ಮತ್ತೆ ಮೊದಲನೆಯದು. ಅವನ ಮುಖದ ಬಣ್ಣ ಸ್ವಲ್ಪ ಇಳಿಯಿತು. ಅವನೂ ಈ ಗಾಡಿಯಲ್ಲೇ ಊರಿಗೆ ಹೋಗುವವನಿದ್ದ ಎಂಬುದು ಅವಳಿಗೆ ಆಗ ಹೊಳೆಯಿತು. ಊರಲ್ಲಿ ಅವನಿಗಾಗಿಯೂ ಯಾರೋ ತಟ್ಟೆ ಮುಚ್ಚಿಟ್ಟಿರಬಹುದು. ಈಗ ಏನಾದರೂ ಒಂದು ಒಳ್ಳೆಯ ಮಾತು ಅನ್ನುತ್ತಾನೆ ಎಂದು ಅವಳು ಕಾದಳು. ಕಾದದ್ದಕ್ಕೆ ಆಮೇಲೆ ತನ್ನನ್ನೇ ಬೈದುಕೊಂಡಳು.

"ಬೆಳಿಗ್ಗೆ ಇದಕ್ಕೆ ಸರಿ ಎಂದು ಗುರುತು ಹಾಕಿದವರು ಯಾರು?"

"ನಾನೇ."

"ಗೊತ್ತಿದ್ದೂ ಹಾಕಿದಿರಾ?"

"ಹೂಂ."

ಅವನು ಕೈಚೀಲ ಮಡಿಸುವ ಹಾಗೆ ತುಟಿ ಮಡಿಸಿದ. "ನಿಮ್ಮ ಜನ ಹೀಗೆಯೇ ಎಂದು ನಮಗೆ ಮೊದಲೇ ತಿಳಿದಿತ್ತು" ಎಂದು ಹೇಳಿ, ಬದಲಿಗೆ ಬೇಕಾದ ಎರಡನ್ನು ತೋರಿಸಲು ಫೋರ್‌ಮನ್ ಅಣ್ಣನನ್ನು ಮುಂದೆ ಬಿಟ್ಟುಕೊಂಡು ಹೋದ. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಹೇಳಲು ಎಷ್ಟೊಂದು ಇತ್ತು. ತಿರುಗಿ ಬಂದದ್ದೂ ಇದೇ ಜನ, ಅರ್ಧ ಊಟದಲ್ಲಿ ಎದ್ದು ಬಂದದ್ದು. ಅದು ನಿನ್ನ ಕಾಗದದಲ್ಲಿ ಎಲ್ಲಿದೆ? ಆದರೆ ಬೆಳಿಗ್ಗೆ ಸರಿ ಗುರುತು ಹಾಕಿದ್ದು ಸುಳ್ಳಲ್ಲವಲ್ಲ. ಅವಳು ತನ್ನ ಬಾಯಾರೆ ಒಪ್ಪಿಕೊಂಡದ್ದನ್ನು ಅವನು ಎಲ್ಲರ ತಲೆಗೂ ಕಟ್ಟಿ ಹೋಗಿದ್ದ. ಕೈಯಿಂದ ಸುತ್ತಿಗೆ ಯಾವಾಗ ಜಾರಿ ಬಿತ್ತೋ ತಿಳಿಯಲಿಲ್ಲ. ಬೂದಿ ಬಾಚುವವರಲ್ಲಿ ಒಬ್ಬ ಅವಳ ಕಡೆಗೇ ಉಗಿದ, ಇನ್ನೊಬ್ಬ, "ಗೊಣಗಿನ ತಿಂದ್ಕೊಂಡ್ಲು" ಎಂದ. ಸ್ವಲ್ಪ ಹೊತ್ತಿನ ಮೇಲೆ ಫೋರ್‌ಮನ್ ಅಣ್ಣ ತಿರುಗಿ ಬಂದು, ಬಗ್ಗಿ ಸುತ್ತಿಗೆ ಎತ್ತಿ, ಹಿಡಿಯನ್ನು ಪ್ಯಾಂಟಿಗೆ ಒರೆಸಿ ಅವಳ ಕೈಗಿತ್ತ.

"ಎರಡು ಹೋಯ್ತಲ್ಲಮ್ಮ" ಎಂದ.

"ಹೋಯ್ತಣ್ಣ."

ಅವನು ಹೋಗಲಿಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಬೆಳಿಗ್ಗೆ ನನಗೂ ಕೇಳಿಸಿತ್ತು" ಎಂದು ಮೆಲ್ಲಗೆ ಹೇಳಿ, ಗೊಣಗಿಗೆ ಬೆಂಕಿ ಹಾಕಿಸಲು ಹೊರಟುಹೋದ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅತ್ತೆ ಪುಟ್ಟಿಯನ್ನು ಮಂಚದ ಮೇಲೆ ಎಳೆದುಕೊಂಡು ಒಂದೇ ಕಂಬಳಿಯಲ್ಲಿ ಸುತ್ತಿಕೊಂಡು ಕೂತಿದ್ದರು. ಮುಚ್ಚಿದ ತಟ್ಟೆ ಮೇಜಿನ ಮೇಲೆ ಹಾಗೇ ಇತ್ತು. ಅವಳು ಕೂತು ತಣ್ಣಗಿನ ಆಲೂಗಡ್ಡೆ ತಿಂದಳು. ಮನೆಯ ಹಿಂದಿನ ಹಳಿಯ ಮೇಲೆ ಗಾಡಿ ಬರುವ ಸದ್ದಾಯಿತು. ಕಿಟಕಿ ಗಾಜು ಸಣ್ಣಗೆ ನಡುಗಿತು. ಏರಿನ ಹತ್ತಿರ ಆ ಗೊಣಗು ಶುರುವಾಯಿತು, ಬೆನ್ನು ನೋವೆಂದು ಬೈದುಕೊಳ್ಳುತ್ತಾ ಮೆಟ್ಟಿಲು ಹತ್ತುವ ಮನೆಯವಳದೇ ಗೊಣಗು. ಪುಟ್ಟಿ ಕಂಬಳಿಯಿಂದ ತಲೆ ಹೊರಹಾಕಿ, "ಅಜ್ಜಿ, ಗೊಣಗಿ! ಕಲ್ಲಿದ್ದಲು ಬಂತು!" ಎಂದಳು. ಅತ್ತೆ ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. ಗಡಿಯ ಕಡೆಗೆ ಹೋಗುವ ಗಾಡಿಗೂ ಗಣಿಯ ಕಡೆಯಿಂದ ಬರುವ ಗಾಡಿಗೂ ವ್ಯತ್ಯಾಸ ಅವರ ಕಿವಿಗೆ ತಿಳಿಯದೆ ಇರುತ್ತದೆಯೇ. ತಮ್ಮ ಗಂಡ ತಟ್ಟಿದ್ದು, ಮಗ ತಟ್ಟಿದ್ದು, ಸೊಸೆ ತಟ್ಟಿದ್ದು ಆ ಗಾಲಿಗಳನ್ನೇ. ಗೊಣಗು ಸಣ್ಣದಾಗಿ, ಇನ್ನೂ ಸಣ್ಣದಾಗಿ, ಆಮೇಲೆ ಇದೆಯೋ ಇಲ್ಲವೋ ಎಂಬಂತಾಗುವವರೆಗೂ ಅತ್ತೆ ಉಸಿರು ಹಿಡಿದು ಕೇಳಿದರು. ಆಮೇಲೆ ಸದ್ದಿಲ್ಲದೆ ಅತ್ತರು. ಮಗ ಸತ್ತಾಗ ಕೂಡ ಅವಳೆದುರು ಅಳದವರು.

ಅವಳು ಹೋಗಿ ಮಂಚದ ಇನ್ನೊಂದು ಬದಿಯಲ್ಲಿ ಕಂಬಳಿಯೊಳಗೆ ಸೇರಿಕೊಂಡಳು. ಪುಟ್ಟಿ ಮಧ್ಯದಲ್ಲಿ ಕೆಂಡದ ಹಾಗೆ ಬೆಚ್ಚಗಿದ್ದಳು. "ಅಮ್ಮ, ನಿನ್ ಕಾಲು ಐಸು!" ಎಂದು ಕಿರುಚಿ, ಆದರೂ ದೂರ ಸರಿಯಲಿಲ್ಲ. ಅವಳು ಮಗಳ ಕಿವಿಯ ಹತ್ತಿರ ಬಾಯಿಟ್ಟು, "ಅಪ್ಪ ಅಲ್ಲ ಪುಟ್ಟಿ. ಅವತ್ತು ಕೇಳಿದ್ಯಲ್ಲ, ನಾವೇ ಅಂದ್ರೆ ಅಪ್ಪನೂನಾ ಅಂತ. ಅಪ್ಪ ಅಲ್ಲ" ಎಂದಳು. ಪುಟ್ಟಿಗೆ ತಾನು ಕೇಳಿದ್ದು ಮರೆತೇ ಹೋಗಿತ್ತು. "ಹೂಂ, ಗೊತ್ತು" ಎಂದು ಆಕಳಿಸಿದಳು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಕತ್ತಲಲ್ಲೇ ಕೇಳಿದರು. "ಅವನು ಏನಾದ್ರೂ ಅಂದನಾ?"

"ಯಾರು?"

"ಅದೇ, ಆ ನೆಗಡಿಯೋನು. ನೀನು ಹೋಗಿ ಹೇಳಿದ್ಯಲ್ಲ, ಅದಕ್ಕೆ."

ನಿಮ್ಮ ಜನ ಹೀಗೆಯೇ. ಮಾತು ನಾಲಿಗೆಯ ತುದಿಯವರೆಗೆ ಬಂತು, ಅದನ್ನು ಇಳಿಸಿಕೊಂಡಳು. ನಾಳೆ ಬೆಳಿಗ್ಗೆ ಈ ಹೆಂಗಸು ಎದ್ದು ಮುಖ ತೊಳೆಯುವ ಮೊದಲು ತನ್ನ ಮಾತನ್ನು ತಾನು ಅಂದುಕೊಳ್ಳಬೇಕು. ಅದಕ್ಕೆ ಈ ಒಲೆಯ ಬೆಂಕಿಯನ್ನೇ ಕೊಟ್ಟಾಗಿದೆ.

"ಒಳ್ಳೇ ಕೆಲಸ ಮಾಡಿದ್ರಿ ಅಂದ ಅತ್ತೆ. ನಿಮ್ಮಂಥೋರು ಇದ್ದಾರೆ ಅಂತ ಗೊತ್ತಿರ್ಲಿಲ್ಲ ಅಂದ."

ಅತ್ತೆ ತಲೆಯನ್ನು ಸ್ವಲ್ಪ ವಾರೆ ಮಾಡಿ, ಮಗ ತಟ್ಟೆಗೆ ಚಮಚ ತಟ್ಟಿ ಕಿವಿಗೊಡುತ್ತಿದ್ದ ಹಾಗೆಯೇ, ಆ ಮಾತಿಗೆ ಕಿವಿಗೊಟ್ಟರು. ಮನೆಯೆಲ್ಲ ನಿಶ್ಶಬ್ದವಾಗಿತ್ತು. ಆಮೇಲೆ ಕಂಬಳಿಯೊಳಗೆ ಕೈ ಚಾಚಿ, ಸೀಮೆಸುಣ್ಣ ಮೆತ್ತಿದ ಅವಳ ತಣ್ಣನೆಯ ಬೆರಳುಗಳನ್ನು ಹುಡುಕಿ ಹಿಡಿದುಕೊಂಡರು.

"ಸರಿ" ಎಂದರು.